ಹುಷಾರು ಮಾರಾಯ ಅಂದರೆ ಸಾಕಾ?

ಈ ಸಲ ರಜೆಗೆ ಊರಿಗೆ ಹೋದಾಗ ಆಷಾಢದ ಮಳೆ ಹಿಡಿದುಕೊಂಡಿತ್ತು. ನಮ್ಮದು ಹೊಸನಗರ ತಾಲ್ಲೂಕು, ಹಿಡಿದ ಮಳೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಡಿಕೆ ತೋಟಕ್ಕೆ ಎರಡನೇ ಸಲದ ಮದ್ದು ಹೊಡೆಯುವುದು ಬಾಕಿ ಇತ್ತು. ಒಂದು ಬೆಳಿಗ್ಗೆ ಸ್ವಲ್ಪ ಹೊಳವಾಗಿದ್ದೇ ತಡ, ಚಿಕ್ಕಪ್ಪ ಫೋನ್ ಮಾಡಿ ಕೊನೆಗೌಡನನ್ನು ಕರೆಸಿದರು. ಮರ ಹತ್ತಿ ಮದ್ದು ಹೊಡೆಯುವವನು, ಕೊನೆ ಅಂದರೆ ಅಡಿಕೆ ಗೊಂಚಲು ಕೊಯ್ಯುವವನು. ಪ್ರೈಮರಿ ಶಾಲೆಯಲ್ಲಿ ನನ್ನ ಜೊತೆಗೇ ಓದಿದವನು. ಬಂದ, ಎಲೆಯಡಿಕೆ ಕವಳ ಹಾಕಿದ, ಮರ ಹತ್ತಲು ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡ. ಮರದ ಮೈತುಂಬಾ ಹಸಿರು ಪಾಚಿ. ನನಗೆ ಸುಮ್ಮನಿರಲು ಆಗಲಿಲ್ಲ.

"ಚಿಕ್ಕಪ್ಪ, ಜಾರಿ ಬಿದ್ರೆ ಎಂತ ಗತಿ? ಸೊಂಟಕ್ಕೆ ಒಂದು ಹಗ್ಗನೂ ಇಲ್ವಲ್ಲ?"

"ಬಿಡ್ತು ಅನ್ನು! ಮರ ಹತ್ತೋ ಹೊತ್ತಿಗೆ ಎಂಥ ಮಾತು ಆಡ್ತೀಯ ಮಾರಾಯ!"

ಬಿಡ್ತು ಅಂದೆ. ಕೊನೆಗೌಡ ನಕ್ಕ, ಹತ್ತಿದ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು, ಯಾರಿಗೂ ಏನೂ ಆಗಲಿಲ್ಲ. ಸಂಜೆ ಜಗುಲಿಯಲ್ಲಿ ಕಾಫಿ ಕುಡಿಯುವಾಗ ಚಿಕ್ಕಪ್ಪ ನೆಂಟರ ಎದುರಿಗೇ ಹೇಳಿದರು. "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ ಅಂದನಂತೆ, ಹಂಗಾಯ್ತು ಇವನ ಕಥೆ. ಗಲ್ಫಿಗೆ ಹೋಗಿ ಪುಕ್ಕಲ ಆಗಿದಾನೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚುಚ್ಚಿದ್ದು ಚುಚ್ಚಿತು. ಯಾಕೆಂದರೆ ನನಗೆ ಅಲ್ಲಿ ಸಂಬಳ ಕೊಡುವುದೇ ಆ ಗೂಬೆ ನೋಡುವ ಕೆಲಸಕ್ಕೆ.

ನಾನಿರುವುದು ಒಮಾನಿನ ಸೊಹಾರ್‌ನಲ್ಲಿ. ಮಸ್ಕತ್‌ನಿಂದ 200 ಕಿಲೋಮೀಟರಿಗೂ ಜಾಸ್ತಿ ದೂರ. ಸಮುದ್ರ, ಬಂದರು, ಅದರ ಸುತ್ತ ಸಾಲು ಸಾಲು ಕಾರ್ಖಾನೆ. ಅದರಲ್ಲೊಂದರಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಪಂಪು, ವಾಲ್ವು, ಕನ್ವೇಯರ್ ಇವುಗಳ ರಿಪೇರಿ ನನ್ನ ಪಾಲಿಗೆ. ಅಲ್ಲಿ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಹಾಳೆ ಬರೆಯಬೇಕು. ಜಾಬ್ ಹಜಾರ್ಡ್ ಅನಾಲಿಸಿಸ್ ಅಂತ ಅದರ ಹೆಸರು, ಬಾಯಲ್ಲಿ ಜೆಎಚ್‌ಎ. ಕೆಲವು ಕಡೆ ಜೆಎಸ್‌ಎ, ಅಂದರೆ ಜಾಬ್ ಸೇಫ್ಟಿ ಅನಾಲಿಸಿಸ್ ಅಂತಾರೆ, ಹೂರಣ ಒಂದೇ. ಮೂರು ಕಾಲಂ. ಮೊದಲನೆಯದರಲ್ಲಿ ಕೆಲಸದ ಹಂತ. ಎರಡನೆಯದರಲ್ಲಿ ಆ ಹಂತದಲ್ಲಿ ಏನೇನು ಎಡವಟ್ಟಾಗಬಹುದು ಅನ್ನುವುದು. ಮೂರನೆಯದರಲ್ಲಿ ಅದು ಆಗದ ಹಾಗೆ ಏನು ಮಾಡುತ್ತೀರಿ ಅನ್ನುವುದು. ಅಷ್ಟೇ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಅನ್ನುವ ಸರ್ಕಾರಿ ಸಂಸ್ಥೆ ಇದರ ಬಗ್ಗೆ ಒಂದು ಸಣ್ಣ ಪುಸ್ತಿಕೆ ಮಾಡಿದೆ. ನಂಬರ್ 3071, 2002ರಲ್ಲಿ ತಿದ್ದಿದ್ದು. ನಮಗೆ ಟ್ರೈನಿಂಗ್ ಕೊಟ್ಟಿದ್ದು ಅದನ್ನೇ ಇಟ್ಟುಕೊಂಡು. ಅದರಲ್ಲಿ ನನಗೆ ಹಿಡಿಸಿದ ಮಾತು ಎರಡು. ಒಂದು, ಯಾವ ಕೆಲಸದ ಹಾಳೆ ಮೊದಲು ಬರೆಯಬೇಕು ಅನ್ನುವುದು. ಜಾಸ್ತಿ ಪೆಟ್ಟಾಗುವ ಕೆಲಸ ಮೊದಲು, ಅದು ಸರಿ. ಅದರ ಜೊತೆಗೇ, ಇದುವರೆಗೆ ಏನೂ ಆಗಿಲ್ಲದಿದ್ದರೂ ಒಂದು ಸಣ್ಣ ತಪ್ಪಿಗೆ ಜೀವ ಹೋಗಬಹುದಾದ ಕೆಲಸವನ್ನೂ ಮೊದಲ ಸಾಲಿಗೆ ಹಾಕಿ ಅನ್ನುತ್ತದೆ. "ನಮ್ಮ ತೋಟದಲ್ಲಿ ಇಷ್ಟು ವರ್ಷಕ್ಕೆ ಒಬ್ಬನೂ ಬಿದ್ದಿಲ್ಲ" ಅನ್ನುವ ಚಿಕ್ಕಪ್ಪನ ವಾದ ಅಲ್ಲಿ ನಡೆಯುವುದಿಲ್ಲ. ಎರಡನೆಯದು, ಕೆಲಸ ಮಾಡುವವನನ್ನು ಕೂರಿಸಿಕೊಂಡು ಬರೆಯಿರಿ ಅನ್ನುವುದು.

ಎರಡನೆಯದು ಯಾಕೆ ಮುಖ್ಯ ಅಂತ ಗೊತ್ತಾಗಿದ್ದು ಒಂದು ಬಿಸಿನೀರಿನ ಪಂಪು ಬಿಚ್ಚುವಾಗ. ಹಾಳೆ ಬರೆಯುತ್ತಾ ಕೂತಿದ್ದೆವು. ಕರೆಂಟ್ ತೆಗೆದು ಸ್ವಿಚ್ಚಿಗೆ ಬೀಗ, ಕೀಲಿ ಫಿಟ್ಟರ್ ಜೇಬಿನಲ್ಲಿ. ಎರಡೂ ಕಡೆ ವಾಲ್ವ್ ಬಂದ್. ಡ್ರೇನ್ ಬಿಚ್ಚಿ ನೀರು ಖಾಲಿ. ಆಮೇಲೆ ಫ್ಲಾಂಜ್, ಅಂದರೆ ಪೈಪನ್ನು ಬೋಲ್ಟು ಹಾಕಿ ಸೇರಿಸಿದ ಜಾಗ, ಬಿಚ್ಚುವುದು. ಬಾಂಗ್ಲಾದೇಶದ ಫಿಟ್ಟರ್ ಒಬ್ಬ, ಮಾತು ಕಮ್ಮಿ, ಅಲ್ಲಿ ತಡೆದ. ಡ್ರೇನಿನಲ್ಲಿ ನೀರು ನಿಂತಿತು ಅಂದರೆ ಪೈಪು ಖಾಲಿ ಅಂತಲ್ಲ, ಕಸ ಕಟ್ಟಿಕೊಂಡು ತೂತು ಮುಚ್ಚಿರಬಹುದು ಅಂದ. ಅದಕ್ಕೇ ನಮ್ಮಿಂದ ಆಚೆ ಬದಿಯ ಬೋಲ್ಟು ಮೊದಲು ಸಡಿಲ ಮಾಡಬೇಕು, ಒಳಗೆ ಒತ್ತಡ ಉಳಿದಿದ್ದರೆ ಬಿಸಿನೀರು ಆ ಕಡೆ ಚಿಮ್ಮುತ್ತದೆ, ಮುಖಕ್ಕೆ ಬರುವುದಿಲ್ಲ. ಕೈಯಲ್ಲಿ ಎರಡು ಬೋಲ್ಟು ಹಿಡಿದು ತೋರಿಸಿದ. ಅದು ಹಾಳೆಗೆ ಹೋಯಿತು. ಈಗ ಹೊಸದಾಗಿ ಬರುವ ಹುಡುಗನಿಗೂ ಅದು ಸಿಗುತ್ತದೆ. ಆ ಫಿಟ್ಟರ್ ನಾಳೆ ಢಾಕಾಕ್ಕೆ ವಾಪಸ್ ಹೋದರೂ ಸಿಗುತ್ತದೆ.

ಊರಲ್ಲಿ ಬಾವಿಯ ಮೋಟಾರು ರಿಪೇರಿ ನೆನಪು ಮಾಡಿಕೊಳ್ಳಿ. ಒಬ್ಬ ಕೆಳಗೆ ವೈರಿಗೆ ಕೈ ಹಾಕಿರುತ್ತಾನೆ. ಇನ್ನೊಬ್ಬ ಮನೆ ಕಡೆಯಿಂದ "ತೆಗ್ದೀನಿ ಮಾರಾಯಾ" ಅಂತ ಕೂಗುತ್ತಾನೆ. ಅವನು ಕೂಗಿದ್ದು "ತೆಗ್ದೀನಿ" ಅಂತಲೋ "ತೆಗಿತೀನಿ" ಅಂತಲೋ, ಗಾಳಿಗೆ ಯಾರಿಗೆ ಗೊತ್ತು?

ಮೂರನೇ ಕಾಲಮ್ಮಿನ ವಿಷಯ ಹೇಳಬೇಕು. ನನ್ನ ಜಗಳ ಇರುವುದೇ ಅಲ್ಲಿ. ಹೊಸಬರೆಲ್ಲ ಅಲ್ಲಿ ಮೊದಲು ಬರೆಯುವುದು "ಜಾಗ್ರತೆಯಿಂದ ಕೆಲಸ ಮಾಡುವುದು". ನಮ್ಮ ಸೇಫ್ಟಿ ಆಫೀಸರ್ ಒಬ್ಬ ಮಲಯಾಳಿ, ಕೆಂಪು ಪೆನ್ನಿನಲ್ಲಿ ಅದರ ಮೇಲೆ ಗೆರೆ ಎಳೆಯುತ್ತಾನೆ. ಜಾಗ್ರತೆಯನ್ನು ಯಾವ ಸ್ಟೋರಿನಿಂದ ತರ್ತೀರಿ, ಎಷ್ಟು ಕೆಜಿ ಬೇಕು, ಇಂಡೆಂಟ್ ಹಾಕಿ ಅನ್ನುತ್ತಾನೆ. ಅವನು ಹೇಳುವುದು ಇಷ್ಟೇ. ಮನುಷ್ಯ ಯಾವಾಗಲೂ ಜಾಗ್ರತೆಯಾಗಿ ಇರುವುದಕ್ಕೆ ಆಗುವುದಿಲ್ಲ. ರಾತ್ರಿ ನಿದ್ದೆ ಆಗಿರುವುದಿಲ್ಲ, ಮಗಳಿಗೆ ಜ್ವರ, ಸಾಲದವನ ಫೋನು. ಹಾಗಿರುವ ದಿನವೂ ಅವನು ಸಾಯಬಾರದು. ಅದಕ್ಕೆ ಏನು ಮಾಡಿದ್ದೀರಿ, ಅದನ್ನು ಬರೆಯಿರಿ.

ನಮ್ಮ ಕಡೆ ಸುರಕ್ಷತೆ ಅಂದರೆ ಪೂರ್ತಿ ಆ ಒಂದು ಶಬ್ದದ ಮೇಲೆ ನಿಂತಿದೆ. "ಹುಷಾರು ಮಾರಾಯ." ಮರ ಹತ್ತುವವನಿಗೆ ಅದೇ, ಸಂಕ ದಾಟುವವನಿಗೆ ಅದೇ, ರಾತ್ರಿ ಹುಲಿಕಲ್ ಘಾಟಿ ಇಳಿಯುವ ಡ್ರೈವರಿಗೂ ಅದೇ. ಹೇಳಿದವನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಏನಾದರೂ ಆದರೆ "ಹುಷಾರು ಅಂತ ಹೇಳಿದ್ದೆ ನಾನು" ಅನ್ನುವುದಕ್ಕೆ ಒಂದು ದಾರಿ. ಬಿದ್ದವನದ್ದೇ ತಪ್ಪು.

ಹಾಗಂತ ನಮ್ಮವರಿಗೆ ಹಂತ ಹಂತವಾಗಿ ಯೋಚನೆ ಮಾಡಲು ಬರುವುದಿಲ್ಲ ಅಂತಲ್ಲ. ಅದೇ ದಿನ ಬೆಳಿಗ್ಗೆ ತೋಟಕ್ಕೆ ಹೊಡೆಯುವ ಮದ್ದು, ಬೋರ್ಡೋ ಮಾಡುವುದನ್ನು ನೋಡಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು, ಶೇಕಡಾ 1ರ ದ್ರಾವಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಹೊಯ್ದರೆ ಕೆಟ್ಟಿತು. ಕಬ್ಬಿಣದ ಪಾತ್ರೆ ತಾಗಿಸಬಾರದು. ಕೊನೆಗೆ ಚಿಕ್ಕಪ್ಪ ಒಂದು ಹೊಸ ಬ್ಲೇಡ್ ತಂದು ಅದರಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿದರು. ಕೆಂಪು ಹತ್ತಿದರೆ ಸುಣ್ಣ ಕಮ್ಮಿ ಅಂತ ಲೆಕ್ಕ. ಹತ್ತಿತ್ತು. ಇನ್ನೊಂದು ಚೊಂಬು ಸುಣ್ಣದ ತಿಳಿ ಹಾಕಿಸಿ ಮತ್ತೆ ಅದ್ದಿ ನೋಡಿದರು. ಎಷ್ಟು ತಾಳ್ಮೆ! ಇದು ಪಕ್ಕಾ ಜೆಎಚ್‌ಎ. ಹಂತ ಇದೆ, ಎಲ್ಲಿ ಕೆಡಬಹುದು ಅನ್ನುವುದು ಇದೆ, ಕೆಡದಂತೆ ಪರೀಕ್ಷೆ ಇದೆ. ಇಷ್ಟೆಲ್ಲ ಯಾಕೆ? ಕೊಳೆರೋಗ ಬಂದು ಕಾಯಿ ಬೀಳಬಾರದು ಅಂತ.

ಕಾಯಿ ಬೀಳುವ ಮಾತನ್ನು ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡಬಹುದು. ಅದಕ್ಕೆ ಯಾರೂ ಬಿಡ್ತು ಅನ್ನುವುದಿಲ್ಲ. ಮನುಷ್ಯ ಬೀಳುವ ಮಾತು ಆಡಬಾರದು.

ಆ ಸಂಜೆ ಸಿಟ್ಟಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೊನೆ ಕೊಯ್ಲಿಗೆ ಒಂದು ಹಾಳೆ ಬರೆದೆ. ಮರ ಹತ್ತುವುದು. ತುದಿಯಲ್ಲಿ ನಿಲ್ಲುವುದು. ಕೊನೆ ಕೊಯ್ಯುವುದು. ಹಗ್ಗದ ಮೇಲೆ ಕೊನೆ ಬಿಡುವುದು. ಕೆಳಗೆ ಹಿಡಿಯುವುದು. ಪಕ್ಕದ ಮರಕ್ಕೆ ದಾಟುವುದು. ಇಳಿಯುವುದು. ಏಳು ಹಂತ. ಎರಡನೇ ಕಾಲಂ ತುಂಬಲು ಕಷ್ಟವೇ ಆಗಲಿಲ್ಲ. 50, 60 ಅಡಿ ಮೇಲೆ ಕತ್ತಿ ಕೈ ಜಾರಿದರೆ ಕೆಳಗೆ ಹಗ್ಗ ಹಿಡಿದವನ ತಲೆ. ಹಗ್ಗ ಹಿಡಿದವನು ಮೇಲೆ ನೋಡುತ್ತಾ ಹಿಂದೆ ಹೆಜ್ಜೆ ಇಟ್ಟರೆ ಕಪ್ಪಿನ ಗುಂಡಿ, ತೋಟದ ನೀರು ಬಸಿಯುವ ಕಾಲುವೆ. ಮರದಿಂದ ಮರಕ್ಕೆ ದಾಟುವಾಗ ಒಂದು ಗಳಿಗೆ ಅವನು ಎರಡು ಮರಕ್ಕೂ ಸೇರಿರುವುದಿಲ್ಲ. ಸೊಹಾರ್‌ನ ನಮ್ಮ ಸೈಟಿನಲ್ಲಿ 1.8 ಮೀಟರ್ ದಾಟಿದರೆ ಬೆಲ್ಟಿಲ್ಲದೆ ಹತ್ತುವ ಹಾಗಿಲ್ಲ. ನನ್ನ ಎತ್ತರಕ್ಕಿಂತ ನಾಕು ಬೆರಳು ಜಾಸ್ತಿ, ಅಷ್ಟೇ.

ಮೂರನೇ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಅದಕ್ಕೂ ಒಂದು ಕ್ರಮ ಇದೆ, ನಮಗೆ ಅರೆದು ಕುಡಿಸಿದ್ದಾರೆ. ಮೊದಲು ಅಪಾಯವನ್ನೇ ಇಲ್ಲದಂತೆ ಮಾಡಲು ಆಗುತ್ತಾ ನೋಡಿ. ಆಗದಿದ್ದರೆ ಕಮ್ಮಿ ಅಪಾಯದ ದಾರಿ ಹಿಡಿಯಿರಿ. ಆಮೇಲೆ ತಡೆಗೋಡೆ, ಗಾರ್ಡು, ಬಲೆ ಇಂಥದ್ದು. ಆಮೇಲೆ ನಿಯಮ, ತರಬೇತಿ. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ಟು, ಕೈಗವಸು, ಬೆಲ್ಟು. ಅವೆಲ್ಲ ಎಲೆ ತುದಿಯ ಉಪ್ಪಿನಕಾಯಿ, ಅದರಲ್ಲೇ ಊಟ ಆಗುವುದಿಲ್ಲ. ನಮ್ಮಲ್ಲಿ ಸೇಫ್ಟಿ ಅಂದರೆ ಉಪ್ಪಿನಕಾಯಿಯಿಂದಲೇ ಶುರು. ಫೋಟೋ ತೆಗೆಯುವ ದಿನ ಎಲ್ಲರ ತಲೆಗೂ ಹಳದಿ ಹೆಲ್ಮೆಟ್ಟು.

ಈ ಕ್ರಮದಲ್ಲಿ ನೋಡಿದರೆ ಅಡಿಕೆಗೆ ಮೊದಲ ಉತ್ತರ ದೋಟಿ, ಅಂದರೆ ಉದ್ದದ ಕೋಲು. ಮರ ಹತ್ತುವುದೇ ಬೇಡ, ನೆಲದ ಮೇಲೆ ನಿಂತು ಕೊಯ್ಯುವುದು, ಮದ್ದೂ ಹೊಡೆಯುವುದು. ಈಗ ಕಾರ್ಬನ್ ಫೈಬರ್ ದೋಟಿ ಮಲೆನಾಡಿನಲ್ಲಿ ಸುಮಾರು ಬಂದಿದೆ. ಹಗುರ, ಉದ್ದ. ನನ್ನ ಭಾವನ ಮನೆಯಲ್ಲೂ ಒಂದಿದೆ. ಭಾವ ಹೆಮ್ಮೆಯಿಂದ ತೋರಿಸಿದ, "ಇನ್ನು ಯಾರೂ ಬೀಳೋ ಪ್ರಶ್ನೆನೇ ಇಲ್ಲ ನೋಡು". ನಾನು ನೋಡಿದ್ದು ಮೇಲಿನ ಕರೆಂಟ್ ಲೈನು. ತೋಟದ ಒಂದು ಅಂಚಿನಲ್ಲಿ ಪಂಪ್‌ಸೆಟ್ಟಿಗೆ ಹೋಗುವ ವೈರು ಅಡಿಕೆ ಸೋಗೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಯೂಮಿನಿಯಂ ಪೈಪಿಗೆ ಕರೆಂಟ್ ಹೊಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ಕಿನ ಹಾಗಿದ್ದರೂ ಅದರಲ್ಲೂ ಕರೆಂಟ್ ಹರಿಯುತ್ತದೆ. ಕೆಲಸದ ರೀತಿ ಬದಲಾದರೆ ಹಾಳೆ ಮತ್ತೆ ಬರೆಯಬೇಕು ಅನ್ನುವುದು ಇದಕ್ಕೇ. ಬೀಳುವ ಅಪಾಯ ಹೋಯಿತು, ಶಾಕ್ ಹೊಡೆಯುವ ಅಪಾಯ ಬಂತು. ಭಾವನಿಗೆ ಹೇಳಿದೆ. ಲೈನಿನ ಪಕ್ಕದ ಎರಡು ಸಾಲಿಗೆ ದೋಟಿ ಎತ್ತಬೇಡ, ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿದ ದಿನ ಅದನ್ನು ಕೊಯ್ಯಿ ಅಂತ. ಭಾವ ಏನಂದ ಗೊತ್ತಾ? "ಹುಷಾರಾಗಿ ಮಾಡ್ತೀವಿ ಬಿಡು."

ಬೆಲ್ಟಿನ ವಿಷಯವೂ ಅಷ್ಟು ಸಲೀಸಲ್ಲ. ಒಮಾನಿನ ಹಳ್ಳಿಗಳಲ್ಲಿ ಖರ್ಜೂರದ ಮರ ಹತ್ತುವವರನ್ನು ನೋಡಿದ್ದೇನೆ. ಬೆನ್ನ ಹಿಂದೆ ಒಂದು ಅಗಲವಾದ ಪಟ್ಟಿ, ಅದಕ್ಕೆ ಹಗ್ಗ, ಹಗ್ಗ ಮರವನ್ನು ಸುತ್ತಿ ಬರುತ್ತದೆ. ಹಾಬೂಲ್ ಅಂತಾರೆ. ಹಿಂದಕ್ಕೆ ಒರಗಿ, ಎರಡೂ ಕೈ ಬಿಟ್ಟು ಆರಾಮಾಗಿ ಕೆಲಸ ಮಾಡುತ್ತಾರೆ. ಯಾವ ಕಂಪನಿಯೂ ಕಲಿಸಿದ್ದಲ್ಲ, ಅಜ್ಜನ ಕಾಲದಿಂದ ಬಂದದ್ದು. ಇದನ್ನೇ ಊರಿಗೆ ತಂದರೆ ಆಯಿತಲ್ಲ ಅಂತ ಒಂದು ಕಾಲಕ್ಕೆ ಅನಿಸಿತ್ತು. ಆಗುವುದಿಲ್ಲ. ಖರ್ಜೂರದ ಮರದ ಮೈ ತುಂಬಾ ಹಳೆಯ ಗರಿಯ ಬುಡ, ಮೆಟ್ಟಿಲು ಮೆಟ್ಟಿಲು, ಹಗ್ಗ ಅಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಅಡಿಕೆ ಮರ ನುಣ್ಣಗೆ. ಮಳೆಗಾಲದಲ್ಲಿ ಪಾಚಿ ಬೇರೆ. ಸುಮ್ಮನೆ ಸುತ್ತಿದ ಹಗ್ಗ ಮನುಷ್ಯನ ಜೊತೆಗೇ ಜಾರುತ್ತದೆ. ಭಾರ ಬಿದ್ದ ಕೂಡಲೇ ಮರವನ್ನು ಬಿಗಿಯಾಗಿ ಕಚ್ಚುವ ಥರದ ಪಟ್ಟಿ ಬೇಕು. ಅದನ್ನು ಹಾಕಿಕೊಂಡರೆ ಮರದಿಂದ ಮರಕ್ಕೆ ದಾಟಲು ಆಗುವುದಿಲ್ಲ, ಪ್ರತಿ ಮರ ಇಳಿದು ಹತ್ತಬೇಕು. ದಿನಕ್ಕೆ ಕೊಯ್ಯುವ ಮರ ಅರ್ಧಕ್ಕೆ ಇಳಿಯುತ್ತದೆ. ಕೂಲಿ ಎರಡು ಪಟ್ಟು. ಅಲ್ಲಿಗೆ ಅಪಾಯದ ಮಾತು ನಿಂತು ರೇಟಿನ ಮಾತು ಶುರುವಾಗುತ್ತದೆ.

ಬರೀ ಮರದ ಕಥೆಯೂ ಅಲ್ಲ ಇದು. ನಮ್ಮ ಕಡೆ ಮನೆ ಮನೆಗೂ ಗೋಬರ್ ಗ್ಯಾಸ್. ಗುಂಡಿ ಕಟ್ಟಿಕೊಂಡಾಗ ಯಾರೋ ಒಬ್ಬ ಇಳಿಯುತ್ತಾನೆ. ಸೊಹಾರ್‌ನಲ್ಲಿ ಒಂದು ಖಾಲಿ ಟ್ಯಾಂಕಿಗೆ ಇಳಿಯಬೇಕಾದರೆ ಮೊದಲು ಒಳಗಿನ ಗಾಳಿ ಅಳೆಯುವ ಮೀಟರ್ ಇಳಿಬಿಟ್ಟು ನೋಡುತ್ತೇವೆ. ಆಮ್ಲಜನಕ ಶೇಕಡಾ 19.5ಕ್ಕಿಂತ ಕಮ್ಮಿ ಇದ್ದರೆ ಒಳಗೆ ಕಾಲಿಡುವ ಹಾಗಿಲ್ಲ. ಬಾಗಿಲಲ್ಲಿ ಒಬ್ಬ ಕಾವಲು, ಏನೇ ಆದರೂ ಅವನು ಒಳಗೆ ಹೋಗಬಾರದು. ಕಟ್ಟುನಿಟ್ಟಿನ ನಿಯಮ ಅದು. ಯಾಕೆಂದರೆ ಇಂಥ ಕಡೆ ಮೊದಲು ಬಿದ್ದವನ ಜೊತೆಗೆ, ಅವನನ್ನು ಎತ್ತಲು ಅಂತ ಇಳಿದವರೂ ಹೋಗುವುದುಂಟು. ನಮ್ಮಲ್ಲಿ ಅಣ್ಣ ಬಿದ್ದರೆ ತಮ್ಮ ಇಳಿಯುತ್ತಾನೆ. ಇಳಿಯಬೇಡ ಅಂದರೆ ನೀನೆಂಥ ಮನುಷ್ಯ ಅಂತ ಕೇಳುತ್ತಾರೆ. ಇದನ್ನು ಆ ಗಳಿಗೆಯಲ್ಲಿ ಹೇಳಿ ಪ್ರಯೋಜನವಿಲ್ಲ. ಮೊದಲೇ ಹೇಳಿಟ್ಟಿರಬೇಕು.

ಶಿವಮೊಗ್ಗದ ಫೌಂಡ್ರಿಯೊಂದರಲ್ಲಿ ನನ್ನ ಡಿಪ್ಲೊಮಾ ಗೆಳೆಯ ಇದ್ದಾನೆ. ಅಲ್ಲಿ ಜೆಎಚ್‌ಎ ಇದೆ. ಬಿಡಿಭಾಗ ಕೊಳ್ಳುವ ಕಂಪನಿಯವರು ಆಡಿಟ್‌ಗೆ ಬಂದಾಗ ಕೇಳುತ್ತಾರೆ ಅಂತ ಇದೆ. ಇಂಗ್ಲಿಷಿನಲ್ಲಿ ಬರೆದು, ಲ್ಯಾಮಿನೇಶನ್ ಮಾಡಿಸಿ, ಆಫೀಸಿನ ಗೋಡೆಗೆ ಹಾಕಿದ್ದಾರೆ. ಕರಗಿದ ಕಬ್ಬಿಣ ಹೊಯ್ಯುವ ಲ್ಯಾಡಲ್ ಒಣಗಿರಬೇಕು, ಬಿಸಿ ಮಾಡಿರಬೇಕು. ಒಂದು ಲೋಟ ನೀರು ತಳದಲ್ಲಿ ಉಳಿದರೂ ಅದು ಆವಿಯಾಗಿ 1,600 ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಮೇಲಿರುವ ಕಬ್ಬಿಣವನ್ನೆಲ್ಲ ಎತ್ತಿ ಒಗೆಯುತ್ತದೆ. ಹಾಳೆಯಲ್ಲಿ ಅದು ಇದೆ. ಲ್ಯಾಡಲ್ ಹಿಡಿಯುವವನಿಗೆ ಇಂಗ್ಲಿಷ್ ಬರುವುದಿಲ್ಲ, ಆಫೀಸಿನೊಳಗೆ ಅವನು ಹೋಗುವುದು ಸಂಬಳದ ತಕರಾರಿದ್ದರೆ ಮಾತ್ರ. ಆಯುಧ ಪೂಜೆ ಮಾತ್ರ ಜೋರಾಗಿ ಆಗುತ್ತದಂತೆ. ಯಂತ್ರಕ್ಕೆಲ್ಲ ಕುಂಕುಮ, ಬಾಳೆಕಂಬ. ಪೂಜೆಗೆ ನನ್ನ ತಕರಾರಿಲ್ಲ. ಆದರೆ ವಾಹನಕ್ಕೆ ಅಪಘಾತ ಆಗದಿರಲಿ ಅಂತ ನಡುರಸ್ತೆಯಲ್ಲಿ ಬೂದಕುಂಬಳಕಾಯಿ ಒಡೆದು, ಅದರ ಮೇಲೆ ಹಿಂದೆ ಬರುವ ಬೈಕಿನವನು ಜಾರಿ ಬೀಳುವುದಕ್ಕೆ ಯಾವ ಕಾಲಮ್ಮಿನಲ್ಲಿ ಜಾಗ ಕೊಡೋಣ?

ಆದದ್ದು ಆದಮೇಲೆ ಮಾತಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನ ಕಲ್ಲು ಕ್ರಷರ್ ಹತ್ತಿರ ಸ್ಫೋಟಕ ಸಿಡಿದಾಗ ಇಡೀ ಶಿವಮೊಗ್ಗ ಭೂಕಂಪ ಅಂತ ಬೀದಿಗೆ ಬಂದಿತ್ತು. ಆಮೇಲೆ ಎಷ್ಟು ದಿನ ಅದೇ ಮಾತು! ಲಾರಿ ಯಾರದ್ದು, ಲೈಸೆನ್ಸ್ ಇತ್ತಾ, ಯಾರು ಕಣ್ಣು ಮುಚ್ಚಿದ್ದರು. ಅಮ್ಮ ದಿನಾ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಅಷ್ಟು ಮಾತಿನ ಕಾಲುಭಾಗ ಆ ಲಾರಿಗೆ ಸ್ಫೋಟಕ ತುಂಬುವ ಮೊದಲು ಯಾರಾದರೂ ಆಡಿದ್ದರೆ?

ಕಾನೂನು ಕೇಳಬೇಡಿ. 1948ರ ಕಾರ್ಖಾನೆ ಕಾಯ್ದೆ 10 ಜನ ಮತ್ತು ಕರೆಂಟು ಇರುವ ಕಡೆ, ಇಲ್ಲವೇ ಕರೆಂಟಿಲ್ಲದೆ 20 ಜನ ಇರುವ ಕಡೆ ಅಂತ ಲೆಕ್ಕ ಹಾಕಿ ಮಾಡಿದ್ದು. 2025ರಲ್ಲಿ ಹೊಸ ಸಂಹಿತೆ ಬಂದು ರದ್ದಾಗುವವರೆಗೂ ಅದು ಅಡಿಕೆ ತೋಟದ ಬೇಲಿ ದಾಟಿ ಒಳಗೆ ಬಂದಿರಲಿಲ್ಲ.

ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸ ಬಂದ್. ಸರ್ಕಾರದ ಆದೇಶ. ಬಿಸಿಲಿಗೆ ಹುಷಾರಾಗಿರಿ, ನೀರು ಕುಡಿಯಿರಿ ಅಂತ ಹೇಳಿ ಬಿಟ್ಟಿಲ್ಲ, ಕೆಲಸವನ್ನೇ ನಿಲ್ಲಿಸಿದ್ದಾರೆ. ಇಂಥದ್ದನ್ನು ನೋಡಿದಾಗ ನಮ್ಮೂರಿನ ಮೇಲೆ ಸಿಟ್ಟು ಬರದೆ ಇರುತ್ತದಾ?

ಇಷ್ಟು ಹೇಳಿದ ಮೇಲೆ ಮನಸ್ಸಿಲ್ಲದಿದ್ದರೂ ಕೆಲವು ಒಪ್ಪಿಕೊಳ್ಳಬೇಕು. ನಮ್ಮ ಸೈಟಿನ ಹಾಳೆಗಳಲ್ಲಿ ಸುಮಾರು ಅರ್ಧ ಕಾಪಿ ಪೇಸ್ಟ್. ಹಳೆಯ ಕೆಲಸದ ಹಾಳೆ ತೆಗೆದು ತಾರೀಕು ಬದಲಾಯಿಸಿದ್ದು. ಒಂದು ಸಲ ಕನ್ವೇಯರ್ ರಿಪೇರಿಯ ಹಾಳೆಯಲ್ಲಿ ಕ್ರೇನ್ ಬಗ್ಗೆ ಇತ್ತು. ಅಲ್ಲಿ ಕ್ರೇನೇ ಇರಲಿಲ್ಲ. ಕೆಳಗೆ ಎಲ್ಲರ ಸಹಿ ಮಾತ್ರ ಸರಿಯಾಗಿತ್ತು. ಬಂಗಾಳಿ, ಮಲಯಾಳ, ಹಿಂದಿ ಬರುವವರಿಗೆ ಇಂಗ್ಲಿಷ್ ಹಾಳೆ, ಓದಿ ಹೇಳುವುದಕ್ಕೆ ಎರಡು ನಿಮಿಷ, ಸಹಿಗೆ ಸಾಲು. ಶಿವಮೊಗ್ಗದ ಗೆಳೆಯನ ಲ್ಯಾಮಿನೇಶನ್ ಹಾಳೆಯನ್ನು ಗೇಲಿ ಮಾಡುವಾಗ ನನಗೆ ಇದು ನೆನಪಿರುತ್ತದೆ. ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಅಂತ ಗೇಟಿನಲ್ಲಿ ದೊಡ್ಡ ಬೋರ್ಡು ಇದೆ. ಸಾಲ ಮಾಡಿ ಏಜೆಂಟಿಗೆ ದುಡ್ಡು ಕೊಟ್ಟು ಬಂದ ಹುಡುಗ ನಿಲ್ಲಿಸುತ್ತಾನಾ? ನಾನು ನೋಡಿದ್ದು ಕಮ್ಮಿ.

ನಮ್ಮ ಕೊನೆಗೌಡ ನಿಲ್ಲಿಸುತ್ತಾನೆ. ಕಳೆದ ಸಲದ ಕೊಯ್ಲಿನಲ್ಲಿ ಚಿಕ್ಕಪ್ಪನ ತೋಟದ ಮೂಲೆಯ ನಾಲ್ಕೈದು ಮರ ಹತ್ತುವುದಿಲ್ಲ ಅಂದನಂತೆ. ಪಶ್ಚಿಮದ ಬಿಸಿಲು ಬಡಿದು ಕಾಂಡ ಒಂದು ಮಗ್ಗುಲು ಸೀಳಿದ ಮರಗಳು. ಅವನು ಮರದ ಬುಡಕ್ಕೆ ಕತ್ತಿಯ ಹಿಂಬದಿಯಿಂದ ಬಡಿದು ಸದ್ದು ಕೇಳುತ್ತಾನೆ. ಅಣಬೆ ಬಂದಿದೆಯಾ ನೋಡುತ್ತಾನೆ, ತಲೆ ಎತ್ತಿ ತುದಿ ಯಾವ ಕಡೆ ವಾಲಿದೆ ನೋಡುತ್ತಾನೆ. ಮೋಡ ನೋಡಿ "ಇವತ್ತು ಬ್ಯಾಡ" ಅಂದರೆ ಮುಗಿಯಿತು. ಚಿಕ್ಕಪ್ಪ ಎಷ್ಟು ಗೊಣಗಿದರೂ ಅವನನ್ನು ಕಳಿಸಿ ಇನ್ನೊಬ್ಬನನ್ನು ತರಲು ಆಗುವುದಿಲ್ಲ. ಕೊನೆಗೌಡರು ಸಿಗುವುದೇ ಇಲ್ಲ ಈಗ. ಅವನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಹೋಗಿದ್ದಾನೆ. ಹಾಗೆ ನೋಡಿದರೆ ಹಾಳೆ ಇಲ್ಲದ ನಮ್ಮ ಕೊನೆಗೌಡನಿಗೆ, ಹಾಳೆ ಇರುವ ನಮ್ಮ ಫಿಟ್ಟರಿಗಿಂತ ಜಾಸ್ತಿ ಅಧಿಕಾರ ಇದೆ. ಇದು ನನಗೆ ಅಷ್ಟು ಇಷ್ಟವಾಗುವ ಸತ್ಯವಲ್ಲ.

ಆದರೆ ಆ ಬಡಿದು ನೋಡುವ ವಿದ್ಯೆ ಅವನ ಜೊತೆಗೇ ಮುಗಿಯುತ್ತದೆ. ಹೊಸಬ ಬಂದರೆ ಮೊದಲಿಂದ ಶುರು. ಅವನು ಕಲಿಯುವುದು ಮರ ಮುರಿದ ಮೇಲೆ.

ಮಂಗನ ಕಾಯಿಲೆಯ ವಿಷಯದಲ್ಲೂ ಹೀಗೇ ಒಂದು ಮೆಚ್ಚುಗೆ ಹೇಳಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹೆಸರಿನಲ್ಲೇ ಅದು ಜಗತ್ತಿಗೆ ಗೊತ್ತಾಗಿದ್ದು. ದರಗು, ಅಂದರೆ ಒಣಗಿದ ಎಲೆ, ಗುಡಿಸಲು ಕಾಡಿಗೆ ಹೋದವರಿಗೆ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಕಾಯಿಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಜನ ಸತ್ತಾಗ ನಮ್ಮೂರಲ್ಲೂ ಎಲ್ಲರಿಗೂ ಜೀವ ಕೈಯಲ್ಲಿ. ಈಗ ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳುತ್ತಾಳೆ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ, ಮೈ ತುಂಬಾ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ, ಮಂಗ ಸತ್ತಿದ್ದು ಕಂಡರೆ ತಿಳಿಸಿ. ಮೊದಲು, ಆಮೇಲೆ, ಕೊನೆಗೆ. ಹಂತ, ಅಪಾಯ, ಉಪಾಯ. ಅಮ್ಮ ಅವಳಿಗೆ ಯಾವತ್ತೂ ಬಿಡ್ತು ಅನ್ನು ಅಂದಿಲ್ಲ. ಕೂರಿಸಿ ಕಾಫಿ ಕೊಡುತ್ತಾಳೆ.

ಹಾಗಾದರೆ ನನಗೆ ಯಾಕೆ ಬಿಡ್ತು ಅನ್ನು ಅಂದರು ಅಂತ ಯೋಚನೆ ಮಾಡಿದೆ. ಹೊತ್ತಿನ ಪ್ರಶ್ನೆ ಅದು. ಒಬ್ಬ ತಳೆ ಸಿಕ್ಕಿಸಿಕೊಂಡು ಮರದ ಬುಡದಲ್ಲಿ ನಿಂತಾಗ ಬೀಳುವ ಮಾತು ತೆಗೆದರೆ ಅವನ ಧೈರ್ಯ ಕೆಡುತ್ತದೆ. ಅಷ್ಟರ ಮಟ್ಟಿಗೆ ಚಿಕ್ಕಪ್ಪ ಹೇಳಿದ್ದು ಸರಿ ಇರಬಹುದು. ಸೊಹಾರ್‌ನಲ್ಲೂ ನಾವು ಹಾಳೆ ಬರೆಯುವುದು ಏಣಿಯ ಮೇಲೆ ನಿಂತಲ್ಲ. ಆದರೆ ನಮ್ಮಲ್ಲಿ ಬೇರೆ ಯಾವ ಹೊತ್ತೂ ಅದಕ್ಕೆ ಇಲ್ಲವಲ್ಲ? ಹತ್ತುವಾಗ ಅಪಶಕುನ, ಇಳಿದ ಮೇಲೆ ಏನೂ ಆಗಲಿಲ್ಲವಲ್ಲ, ಮರುದಿನ ಬೇರೆ ಕೆಲಸ.

ಒಂದು ದಿನ ಮಾತ್ರ ಇದೆ. ದೀಪಾವಳಿಯ ಆಸುಪಾಸಿನಲ್ಲಿ, ಕೊನೆ ಕೊಯ್ಲು ಶುರುವಾಗುವ ಮುಂಚೆ, ಕೊನೆಗೌಡ ಬಂದು ಜಗುಲಿಯಲ್ಲಿ ಕೂತು ರೇಟು ಮಾತಾಡುವ ದಿನ. ಕವಳದ ಬಟ್ಟಲು ನಡುವೆ ಇರುತ್ತದೆ. ಮರಕ್ಕೆ ಎಷ್ಟು, ಊಟ ಯಾರದ್ದು, ಹಗ್ಗ ಹಿಡಿಯುವವನನ್ನು ಯಾರು ಕರೆತರಬೇಕು, ಎಲ್ಲ ಅವತ್ತೇ ತೀರ್ಮಾನ. ದುಡ್ಡಿನ ಮಾತಿಗೆ ಯಾರೂ ಬಿಡ್ತು ಅನ್ನುವುದಿಲ್ಲ. ಯಾವ ಮರ ಹತ್ತಬಾರದು, ಯಾವ ಸಾಲಿನ ಪಕ್ಕ ಲೈನ್ ಇದೆ, ಕೆಳಗಿನವನು ಎಲ್ಲಿ ನಿಲ್ಲಬೇಕು, ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು, ಇದನ್ನೂ ಅದೇ ಹಾಳೆಯಲ್ಲಿ ಬರೆಯಬಹುದು. ಕೊನೆಗೌಡ ಹೇಳಲಿ, ಚಿಕ್ಕಪ್ಪನ ಮಗಳು ಬರೆಯಲಿ, ಅವಳ ಅಕ್ಷರ ಚೆನ್ನಾಗಿದೆ. ಪಟ್ಟಿ ಕಟ್ಟಿಕೊಂಡು ಹತ್ತಿದರೆ ಮರಕ್ಕೆ ರೇಟು ಜಾಸ್ತಿ ಆಗುತ್ತದೆ, ಅದೂ ಅವತ್ತೇ ಮಾತಾಗಲಿ. ಆ ಜಾಸ್ತಿ ದುಡ್ಡು ಯಾರು ಕೊಡಬೇಕು ಅಂತ ನನ್ನನ್ನು ಕೇಳಿದರೆ, ತೋಟದವರು ಅನ್ನುತ್ತೇನೆ. ಚಿಕ್ಕಪ್ಪನಿಗೆ ಇದು ಹಿಡಿಸುವುದಿಲ್ಲ, ಗೊತ್ತು. ದೀಪಾವಳಿಗೆ ನನಗೆ ರಜೆ ಇಲ್ಲ, ಫೋನಿನಲ್ಲೇ ಜಗಳ ಆಡಬೇಕು.